ಮಲೆನಾಡಿನ ತರುಣರೂ ಮದ್ಯದ ವಯೋಮಿತಿಯೂ

ಹದಿನೆಂಟೋ ಇಪ್ಪತ್ತೊಂದೋ ಎಂಬ ವಿವಾದವು ನಮ್ಮ ರಾಜ್ಯದಲ್ಲಿ ಎದ್ದಷ್ಟೇ ವೇಗದಿಂದ ಅಡಗಿಹೋಯಿತು. 2023ನೆಯ ಇಸವಿ ಜನವರಿ ತಿಂಗಳಿನಲ್ಲಿ ಕರ್ನಾಟಕ ಸರ್ಕಾರದವರು ಅಬಕಾರಿ ನಿಯಮಗಳಿಗೆ ತಿದ್ದುಪಡಿಯ ಕರಡೊಂದನ್ನು ಹೊರಡಿಸಿ, ಮದ್ಯವನ್ನು ಕೊಳ್ಳುವವರಿಗೆ ವಿಧಿಸಿರುವ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸತಕ್ಕದ್ದೆಂದು ಸೂಚಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಿದರು. ಆಕ್ಷೇಪಣೆಗಳು ಬಂದವು, ಬಂದ ರಭಸಕ್ಕೆ ಬೆದರಿ, ಆ ತಿಂಗಳು ಮುಗಿಯುವುದರೊಳಗಾಗಿಯೇ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡರು. ಮಠಾಧೀಶರೂ ಮಹಿಳಾ ಸಂಘಗಳವರೂ ಪತ್ರಿಕೆಗಳವರೂ ತಂತಮ್ಮ ಜಯವನ್ನು ತಾವೇ ಕೊಂಡಾಡಿಕೊಂಡು ಸುಮ್ಮನಾದರು. ಸುಮ್ಮನಾದವರಲ್ಲಿ ನಾವೂ ಒಬ್ಬರು. ಆದರೆ ಆ ಕರಡು ಏತಕ್ಕಾಗಿ ಹುಟ್ಟಿತೆಂಬುದನ್ನು ಆಗ ವಿಚಾರಿಸಿದವರು ಕಡಮೆ. ಅದು ಹಿಂದಕ್ಕೆ ಹೋದ ಮೇಲೆ ಉಳಿದುದೇನೆಂಬುದನ್ನು ವಿಚಾರಿಸಿದವರು ಇನ್ನೂ ಕಡಮೆ.

ಉಳಿದುದು ಇದು. 1965ನೆಯ ಇಸವಿಯ ಅಬಕಾರಿ ಅಧಿನಿಯಮದ 36ನೆಯ ಪ್ರಕರಣವು 18 ವರ್ಷ ತುಂಬದವರಿಗೆ ಮದ್ಯವನ್ನು ಮಾರುವುದು ಅಪರಾಧವೆಂದು ಹೇಳುವುದು. ಆ ಅಧಿನಿಯಮದ ಹೊಟ್ಟೆಯಲ್ಲಿಯೇ ಹುಟ್ಟಿದ 1967ರ ಸನ್ನದು ಷರತ್ತುಗಳ ನಿಯಮಾವಳಿಯಾದರೋ, ತನ್ನ 10ನೆಯ ನಿಯಮದಲ್ಲಿ, 21 ವರ್ಷ ತುಂಬದವರಿಗೆ ಮಾರಕೂಡದೆಂದು ವಿಧಿಸುವುದು. ತಾಯಿಯು ಹದಿನೆಂಟೆನ್ನುವಳು, ಮಗಳು ಇಪ್ಪತ್ತೊಂದೆನ್ನುವಳು. ಈ ಅಸಂಗತಿಯನ್ನು ಸರಿಪಡಿಸುವುದೇ ತಮ್ಮ ಉದ್ದೇಶವೆಂಬುದು ಅಂದಿನ ಸರ್ಕಾರದ ಸಮಾಧಾನವಾಗಿದ್ದಿತು. ಸರಿಪಡಿಸಬೇಕಾದದ್ದೇನೋ ನಿಜ. ಆದರೆ ಅಧಿನಿಯಮವನ್ನು ಮೇಲಕ್ಕೆ ಎತ್ತುವ ಬದಲು ನಿಯಮವನ್ನು ಕೆಳಕ್ಕೆ ಜಗ್ಗಲು ಹೊರಟರು. ಜನರು ಕೂಗಿದೊಡನೆ ಎರಡನ್ನೂ ಇದ್ದ ಹಾಗೆಯೇ ಬಿಟ್ಟು ಎದ್ದುಹೋದರು. ಈ ಎರಡು ವಿಧಿಗಳೂ ಮಾರುವವನನ್ನು ಕುರಿತವೇ ಹೊರತು ಕುಡಿಯುವ ಹುಡುಗನನ್ನು ಕುರಿತವಲ್ಲವೆಂಬುದನ್ನೂ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳತಕ್ಕ ಮಾತಿಗೆ ಅದು ಬೇಕಾಗುವುದು.

ಬೆಂಗಳೂರಿನ ಕಡತಗಳ ಮಾತು ಅಲ್ಲಿರಲಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಈ ಬೆಟ್ಟಗಳಲ್ಲಿ ಮದ್ಯಕ್ಕೆ ವಯೋಮಿತಿ ಎಷ್ಟೆಂದು ಯಾರಾದರೂ ನಮ್ಮನ್ನು ಕೇಳಿದರೆ ನಾವು ಕೊಡಬೇಕಾದ ಪ್ರಾಮಾಣಿಕವಾದ ಉತ್ತರವು ಹದಿನೆಂಟೂ ಅಲ್ಲ, ಇಪ್ಪತ್ತೊಂದೂ ಅಲ್ಲ: ಆರು ತಿಂಗಳು. ಆಷಾಢದ ಮಳೆಯಲ್ಲಿ ಎಳೆಯ ಕೂಸಿಗೆ ನೆಗಡಿಯಾದರೆ ಅಜ್ಜಿಯು ಮರದ ಪೆಟ್ಟಿಗೆಯಿಂದ ಬ್ರಾಂದಿಯ ಸೀಸೆಯನ್ನು ತೆಗೆದು, ಬಿಸಿನೀರಿನಲ್ಲಿ ನಾಲ್ಕು ತೊಟ್ಟು ಬೆರೆಸಿ, ಬೆಳ್ಳಿಯ ಚಮಚೆಯಿಂದ ಬಾಯಿಗೆ ಬಿಡುವ ಮನೆಗಳನ್ನು ನಾವು ಬಲ್ಲೆವು. ನಮ್ಮ ಓದುಗರೂ ಬಲ್ಲರು. ಆ ಮನೆಗಳು ಮರ್ಯಾದಸ್ಥರ ಮನೆಗಳು. ಆ ಸೀಸೆಯನ್ನು ಔಷಧವೆಂದು ಕರೆಯುವರೇ ಹೊರತು ಮದ್ಯವೆಂದು ಯಾರೂ ಕರೆಯರು. ಬಾಲನ್ಯಾಯವನ್ನು ಕುರಿತ 2015ನೆಯ ಇಸವಿಯ ಅಧಿನಿಯಮದ 77ನೆಯ ಪ್ರಕರಣದಂತೆ, ಅರ್ಹ ವೈದ್ಯನ ಅಪ್ಪಣೆಯಿಲ್ಲದೆ ಮಗುವಿಗೆ ಮಾದಕ ಪಾನೀಯವನ್ನು ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಸಜೆಯೂ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟೆಂದು ತಿಳಿದರೆ ಮಲೆನಾಡಿನ ಅರ್ಧದಷ್ಟು ಅಜ್ಜಿಯರು ನಿದ್ದೆಗೆಡುವರು. ಅವರನ್ನು ಸೆರೆಗೆ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಮದ್ಯವು ಮೈಗೆ ಕಾವು ಕೊಡುವುದೆಂಬ ನಂಬಿಕೆಯೇ ತಪ್ಪೆಂದು ವೈದ್ಯರು ಸಾರಿ ಸಾರಿ ಹೇಳಿರುವರು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಬಿಡುವುದು. ಬೆಚ್ಚಗಾದಂತೆ ತೋರುವುದು ಆ ಶಾಖವು ಹೊರಟುಹೋಗುವಾಗಿನ ಅನುಭವವೇ. ಕೂಸಿಗಾಗಲಿ, ಗದ್ದೆಯಲ್ಲಿ ಇಂಬಳ ಕಚ್ಚಿಸಿಕೊಂಡು ಕಂಬಳಿಕೊಪ್ಪೆಯಲ್ಲಿ ನಡುಗುತ್ತ ನಿಂತ ಆಳಿಗಾಗಲಿ, ಅದರಿಂದ ಆಗುವುದು ಅಪಕಾರ.

ಎರಡನೆಯ ಪಾಠವು ಎಡೆಯ ಮುಂದೆ ನಡೆಯುವುದು. ಮಹಾಲಯದ ಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವಾಗ, ಸತ್ತವನಿಗೆ ಬದುಕಿದ್ದಾಗ ಏನು ಪ್ರಿಯವಾಗಿದ್ದಿತೋ ಅದನ್ನು ಇಡುವುದು ಅನೇಕ ಮನೆತನಗಳ ಪದ್ಧತಿ. ಕೋಳಿಯ ಸಾರಿನ ಮಗ್ಗುಲಲ್ಲಿ ಒಂದು ಲೋಟ ಇರುವುದು. ಭೂತಗಳಿಗೂ ಗುಳಿಗನಿಗೂ ಕಳ್ಳನ್ನೋ ಸಾರಾಯಿಯನ್ನೋ ಎರೆಯುವುದು ಘಟ್ಟದ ಮೇಲೂ ಕೆಳಗೂ ಇರುವ ಆಚಾರವೇ. ಇದನ್ನು ನಾವು ಹಳಿಯಲಾರೆವು. ಬಗನಿಯ ಮರದಿಂದ ಇಳಿಸಿದ ಕಳ್ಳು ಈ ಕಾಡುಗಳಿಗೆ ಕಾಫಿಗಿಂತಲೂ ಹಳೆಯದು. ಅದಕ್ಕೊಂದು ಕಾಲ, ಒಂದು ಸ್ಥಳ, ಒಂದು ಅಳತೆ, ಹಂಚುವ ಕೈಯೊಂದು ಇದ್ದಿತು. ಆ ಅಳತೆಯನ್ನು ಕಾಯುವ ಹಿರಿಯನು ಇಂದು ಕಾಣೆಯಾಗಿರುವನು. ಲೋಟವು ಮಾತ್ರ ಉಳಿದಿರುವುದು.

ಮೂರನೆಯ ಪಾಠವು ಬೀಗರ ಔತಣದಲ್ಲಿ. ಮದುವೆಯು ಕಲ್ಯಾಣಮಂಟಪದಲ್ಲಿ ಶಾಸ್ತ್ರೋಕ್ತವಾಗಿ ಮುಗಿದ ಮೇಲೆ ತೋಟದ ಕಣದಲ್ಲಿ ಷಾಮಿಯಾನ ಹಾಕಿ, ಒಂದು ಪಾರ್ಶ್ವದಲ್ಲಿ ಹೆಂಗಸರೂ ಮಕ್ಕಳೂ ಊಟಕ್ಕೆ ಕುಳಿತಿರುವಾಗ, ಜೀಪುಗಳ ಮರೆಯಲ್ಲಿ ಇನ್ನೊಂದು ಪಂಕ್ತಿ ಕೂಡುವುದು. ಅಲ್ಲಿ ಸೋಡ ಒಡೆಯುವವರು, ಮಂಜುಗಡ್ಡೆ ತರುವವರು, ಲೋಟ ತೊಳೆಯುವವರು ಯಾರೆಂದು ನೋಡಿದರೆ ಹತ್ತನೆಯ ತರಗತಿಯ ಹುಡುಗರು. ಹುಡುಗನ ಚಿಕ್ಕಪ್ಪನೋ ಸೋದರಮಾವನೋ, ತನಗೆ ಎರಡು ಏರಿದ ಮೇಲೆ, ‘ಗಂಡಸಾಗೋದು ಯಾವಾಗಲೋ?’ ಎಂದು ನಗುತ್ತ ಲೋಟವನ್ನು ಮುಂದಕ್ಕೆ ಚಾಚುವನು. ಎಲ್ಲರೂ ನಗುವರು. ತಂದೆಯು ನೋಡಿಯೂ ನೋಡದವನಂತೆ ಇರುವನು. ಆ ನಗುವು ಹುಡುಗನಿಗೆ ಕೊಟ್ಟ ಸನ್ನದನ್ನು ಯಾವ ಅಬಕಾರಿ ಕಮಿಷನರನೂ ರದ್ದುಮಾಡಲಾರನು. ನಮ್ಮ ಜಿಲ್ಲೆಯಲ್ಲಿ ತರುಣರು ಮೊದಲ ಸಲ ಕುಡಿಯುವುದು ಅಂಗಡಿಯಲ್ಲಿ ಅಲ್ಲ, ಬಂಧುಗಳ ನಡುವೆ ಎಂಬುದೇ ನಾವು ಕಂಡಿರುವ ಸಂಗತಿ. ಮಾರುವವನನ್ನು ಮಾತ್ರ ಕುರಿತ ಕಾನೂನು ಅಲ್ಲಿಗೆ ಹೇಗೆ ತಾನೆ ಮುಟ್ಟೀತು?

ಇದು ತೋಟದೊಡೆಯರ ಮನೆಯ ಮಾತಾಯಿತು. ಲೈನುಗಳಲ್ಲಿ ಇರತಕ್ಕವರ ಕಥೆ ಬೇರೆ. ಅರೇಬಿಕಾ ಹಣ್ಣಿನ ಕೊಯ್ಲು ಕಾರ್ತೀಕದ ಹೊತ್ತಿಗೆ ಮೊದಲಾಗಿ, ರೋಬಸ್ಟಾದ ಕೊಯ್ಲು ಶಿವರಾತ್ರಿಯ ವರೆಗೂ ಮುಂದುವರಿಯುವುದು. ಆ ನಾಲ್ಕು ತಿಂಗಳು ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ, ಈಗೀಗ ಅಸ್ಸಾಮಿನಿಂದಲೂ ಆಳುಗಳು ಬಂದು ತುಂಬುವರು. ಶಾಲೆ ಬಿಟ್ಟ ಹದಿನಾರು ಹದಿನೇಳು ವರ್ಷದ ಹುಡುಗರು ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಪಡೆಯುವರು. ವಾರದ ಬಟವಾಡೆಯಾದೊಡನೆ ಸಂತೆ. ಸಂತೆಯ ದಾರಿಯಲ್ಲಿ ಅಂಗಡಿ. ಸನ್ನದಿನಂತೆ ಚಿಲ್ಲರೆ ಅಂಗಡಿಯಲ್ಲಿ ಮೊಹರು ಮಾಡಿದ ಸೀಸೆಯನ್ನು ಮಾತ್ರ ಮಾರಬೇಕು, ಅಲ್ಲಿಯೇ ಕುಡಿಯಗೊಡಬಾರದು. ಅಂಗಡಿಯ ಹಿಂದಿನ ಚರಂಡಿಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಲೋಟಗಳ ರಾಶಿಯು ಆ ಷರತ್ತಿನ ಮೇಲೆ ಬರೆದ ವ್ಯಾಖ್ಯಾನವಾಗಿದೆ. ಪೇಟೆಯ ಅಂಗಡಿಕಾರನೊಬ್ಬನನ್ನು ನಾವು ಒಮ್ಮೆ ಈ ವಿಷಯವಾಗಿ ಕೇಳಿದೆವು. ಅವನು ಸುಳ್ಳಾಡುವ ಮನುಷ್ಯನಲ್ಲ. ‘ಸ್ವಾಮಿ, ಮೀಸೆ ಬಂದವನ ಜಾತಕ ಕೇಳೋಕಾಗುತ್ತಾ? ಅವನು ಇವತ್ತು ಕೂಲಿ ದುಡಿದು ಬಂದಿದ್ದಾನೆ. ದುಡಿಯೋಕೆ ವಯಸ್ಸಾಗಿದೆ, ಕುಡಿಯೋಕೆ ಆಗಿಲ್ಲ ಅಂದ್ರೆ ಅವನಿಗೇ ನಗು ಬರುತ್ತೆ’ ಎಂದನು. ಇದಕ್ಕೆ ಆ ಕ್ಷಣದಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಒಂದು ವಿಧದಲ್ಲಿ ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಅದೇ ವಯಸ್ಸಿನ ಇಬ್ಬರು ಹುಡುಗರು ಕುಡಿದು ರಸ್ತೆಗೆ ಇಳಿದರೆ ಏನಾಗುವುದೆಂಬುದನ್ನು ನೋಡಿರಿ. ಲೈನಿನ ಹುಡುಗನು ಸಂತೆಮಾಳದಲ್ಲಿ ಬಿದ್ದರೆ ‘ಕೂಲಿ ಜನ, ಕುಡಿದು ಹಾಳಾದರು’ ಎನ್ನುವರು. ಪೋಲೀಸಿನವರು ಲಾಠಿಯಿಂದ ತಿವಿದು ಎಬ್ಬಿಸುವರು. ಸಾಹುಕಾರರ ಹುಡುಗನು ಅದೇ ಸ್ಥಿತಿಯಲ್ಲಿ ಮೋಟಾರಿನ ಚಕ್ರವನ್ನು ಹಿಡಿದು ಕೊಟ್ಟಿಗೆಹಾರದ ತಿರುವಿನಲ್ಲಿ ಹೊಂಡಕ್ಕೆ ಇಳಿದರೆ ‘ಮಂಜು ಬಹಳವಿದ್ದಿತು’ ಎನ್ನುವರು. ಒಬ್ಬನದು ಚಟ, ಇನ್ನೊಬ್ಬನದು ಅಪಘಾತ. ಮೋಟಾರು ವಾಹನಗಳ ಅಧಿನಿಯಮಕ್ಕೆ ಈ ಭೇದವು ತಿಳಿಯದು: 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಮೊದಲನೆಯ ತಪ್ಪಿಗೇ 6 ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ. 2019ರ ತಿದ್ದುಪಡಿಯಂತೆ, ವಾಹನ ನಡಸಿ ಅಪರಾಧ ಮಾಡಿದವನು ಅಪ್ರಾಪ್ತ ವಯಸ್ಕನಾಗಿದ್ದರೆ ಅವನ ಪೋಷಕನಿಗಾಗಲಿ ವಾಹನದ ಒಡೆಯನಿಗಾಗಲಿ 3 ವರ್ಷಗಳವರೆಗೆ ಸಜೆಯೂ 25,000 ರೂಪಾಯಿ ಜುಲ್ಮಾನೆಯೂ ಉಂಟು. ಕಾನೂನಿನಲ್ಲಿ ಕೊರತೆಯಿಲ್ಲ.

ಈ ನಾಡಿನ ಚರಿತ್ರೆಯಲ್ಲಿಯೇ ಒಂದು ವಿನೋದವಿದೆ. ಬಾಬಾ ಬುಡನರು ಅರಬರ ದೇಶದಿಂದ ಏಳು ಕಾಫಿಯ ಬೀಜಗಳನ್ನು ತಂದು ಇಲ್ಲಿಯ ಗಿರಿಯಲ್ಲಿ ಬಿತ್ತಿದರೆಂಬುದು ಐತಿಹ್ಯ. ಮನುಷ್ಯನನ್ನು ಎಚ್ಚರವಾಗಿಡುವ ಪಾನೀಯವನ್ನು ಒಬ್ಬ ಫಕೀರನು ಕೊಟ್ಟನು. ಮುಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಐರೋಪ್ಯ ಪ್ಲಾಂಟರುಗಳು ಬಂದು ಬೆಟ್ಟಗಳನ್ನು ಕಡಿದು ತೋಟ ಹಾಕಿದರು. ತಮಗಾಗಿ ಕ್ಲಬ್ಬುಗಳನ್ನು ಕಟ್ಟಿಕೊಂಡರು. ಕ್ಲಬ್ಬಿನಲ್ಲಿ ವಿಸ್ಕಿ, ಲೈನಿನಲ್ಲಿ ಸಾರಾಯಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ಬೆಳೆಯುವ ರಾಜ್ಯ ನಮ್ಮದು. ಆದರೂ ಕಾಫಿಯ ಗಿಡದ ಬುಡದಲ್ಲಿ ದುಡಿಯುವವನ ಸಂಜೆಯ ಪಾನೀಯ ಕಾಫಿಯಾಗಲಿಲ್ಲ. (ಗಾಂಧೀಜಿಯವರು ಕಾಫಿ ಚಹಗಳನ್ನೂ ಮೆಚ್ಚಿದವರಲ್ಲ, ಕಾಫಿಯ ನಾಡಿನಲ್ಲಿ ಕುಳಿತು ಆ ಮಾತನ್ನು ನಾವು ಬಹಳವಾಗಿ ಬೆಳೆಸುವಂತಿಲ್ಲ.)

ಮದ್ಯನಿಷೇಧವು ರಾಷ್ಟ್ರೀಯ ಚಳವಳಿಯ ಮುಖ್ಯ ಕಲಾಪಗಳಲ್ಲಿ ಒಂದಾಗಿದ್ದಿತೆಂಬುದನ್ನು ಇಂದಿನ ತರುಣರಿಗೆ ನೆನಪು ಮಾಡಬೇಕಾಗಿದೆ. ಹೆಂಡದ ಅಂಗಡಿಯ ಮುಂದೆ ಪಿಕೆಟಿಂಗು ಮಾಡಲು ಮಹಾತ್ಮರು ವಿಶೇಷವಾಗಿ ಹೆಂಗಸರನ್ನು ಕರೆದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಆ ಚಳವಳಿಯ ಮುಂದಾಳುಗಳಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರೂ ಒಬ್ಬರು. ಸ್ವಾತಂತ್ರ್ಯ ಬಂದಿತು; ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸುವುದು ಸರ್ಕಾರದ ಕರ್ತವ್ಯವೆಂದು ಸಾರಿತು; ಮೈಸೂರು ಸಂಸ್ಥಾನದಲ್ಲಿ ಪಾನನಿರೋಧವು ಬಂದಿತು. 1967ರಲ್ಲಿ ಅದನ್ನು ತೆಗೆದುಹಾಕಿದ್ದೂ ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಸರ್ಕಾರವೇ. ಅವರನ್ನು ಜರೆಯುವುದಕ್ಕಾಗಿ ಇದನ್ನು ಎತ್ತಿದುದಲ್ಲ. ಪಾನನಿರೋಧದ ಕಾಲದಲ್ಲಿ ಕಾಡಿನ ಹಳ್ಳಗಳ ಪಕ್ಕದಲ್ಲೆಲ್ಲ ಕಳ್ಳಭಟ್ಟಿಗಳು ಉರಿಯುತ್ತಿದ್ದುವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಚಲು ಮರವನ್ನು ಕಡಿಯುವ ಕೊಡಲಿಯು ಬೊಕ್ಕಸದ ಲೆಕ್ಕವನ್ನು ಕಡಿಯಲಾರದೆಂಬುದು ಅವರಿಗೆ ಅಧಿಕಾರದಲ್ಲಿ ಕುಳಿತ ಮೇಲೆ ತಿಳಿದಿರಬಹುದು. ಇಂದಿನ ಲೆಕ್ಕವನ್ನೂ ಹೇಳಿಬಿಡುವೆವು: 2025–26ನೆಯ ಸಾಲಿನ ಆಯವ್ಯಯದಲ್ಲಿ ಅಬಕಾರಿಯಿಂದ ಸರ್ಕಾರವು ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಇಷ್ಟು ಹಣವನ್ನು ಒಂದು ಇಲಾಖೆಯಿಂದ ಬೇಡಿ, ಅದೇ ಇಲಾಖೆಯವರನ್ನು ಕರೆದು ‘ಗಿರಾಕಿಗಳನ್ನು ಕಡಮೆ ಮಾಡಿರಿ’ ಎಂದರೆ ಅವರು ಯಾವ ಮಾತನ್ನು ನಡಸಿಕೊಡಬೇಕು? ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ಓದುಗರು ಅನೇಕರಿರುವರು. ಅವರ ಸಂಕಟವನ್ನು ನಾವು ಬಲ್ಲೆವು.

2007ನೆಯ ಇಸವಿ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದರು. ಹೆಂಗಸರು ಹರಸಿದರು. ಸಾರಾಯಿಯ ಪೊಟ್ಟಣವು ಹೋದ ಸ್ಥಳಕ್ಕೆ ಅಗ್ಗದ ವಿಸ್ಕಿ ಬ್ರಾಂದಿಗಳ ಕಾಗದದ ಡಬ್ಬಿಯು ಬಂದಿತು. 90 ಮಿಲಿಲೀಟರಿನ ಆ ಡಬ್ಬಿಯು ಶಾಲೆಯ ಹುಡುಗನ ಷರಾಯಿಯ ಜೇಬಿನಲ್ಲಿ ಹಿಡಿಯುವುದು, ಬಿದ್ದರೆ ಒಡೆಯದು, ಸದ್ದು ಮಾಡದು. ಸಾರಾಯಿ ಅಂಗಡಿಗೆ ಹೋಗುವುದು ಅವಮಾನವೆಂಬ ಅಳುಕಾದರೂ ಮೊದಲು ಹುಡುಗರಲ್ಲಿ ಇದ್ದಿತು. ಇಂಗ್ಲಿಷು ಹೆಸರಿನ ಡಬ್ಬಿಗೆ ಆ ಅಳುಕಿಲ್ಲ.

ಇನ್ನು ವಯಸ್ಸಿನ ವಾದಕ್ಕೆ ಬರೋಣ. ಹದಿನೆಂಟರ ಪಕ್ಷದವರ ಮಾತು ತಳ್ಳಿಹಾಕತಕ್ಕದ್ದಲ್ಲ. 1989ರಲ್ಲಿ, ಸಂವಿಧಾನದ 61ನೆಯ ತಿದ್ದುಪಡಿಯಿಂದ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟಕ್ಕೆ ಮೋಟಾರು ನಡಸಬಹುದು, ಕರಾರುಪತ್ರಕ್ಕೆ ರುಜು ಹಾಕಬಹುದು, ಸೈನ್ಯಕ್ಕೆ ಸೇರಿ ಗಡಿಯಲ್ಲಿ ಪ್ರಾಣ ಕೊಡಬಹುದು. ಒಂದು ಲೋಟ ಬಿಯರನ್ನು ಮಾತ್ರ ಕೊಳ್ಳಬಾರದೆ ಎಂದು ಅವರು ಕೇಳುವರು. ಗೋವೆಯಲ್ಲಿ 18, ಪುದುಚೇರಿಯಲ್ಲಿ 18. ನಮ್ಮ ಹುಡುಗರು ಘಟ್ಟ ಇಳಿದು ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಗೋವೆಯನ್ನು ಮುಟ್ಟುವರು. ನೆರೆಯ ಕೇರಳವು 21ನ್ನು 23ಕ್ಕೆ ಏರಿಸಿತು; ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಖಾರವಾದ ಮದ್ಯಗಳಿಗೆ 25. ದೇಶವು ಒಂದು, ಯಕೃತ್ತು ಒಂದು, ವಯಸ್ಸುಗಳು ನಾಲ್ಕು.

ಆದರೂ ಈ ವಾದದಲ್ಲಿ ಒಂದು ತೊಡಕಿದೆ. ಕಾನೂನು ಎಲ್ಲ ಕೆಲಸಗಳಿಗೂ ಒಂದೇ ವಯಸ್ಸನ್ನು ಇಟ್ಟಿಲ್ಲ. ಗಂಡಿನ ಮದುವೆಗೆ 21, ಲೋಕಸಭೆಯ ಸದಸ್ಯತ್ವಕ್ಕೆ 25, ರಾಷ್ಟ್ರಪತಿಯ ಪದವಿಗೆ 35. ಮತವನ್ನು ತಪ್ಪಾಗಿ ಕೊಟ್ಟವನು ಐದು ವರ್ಷಗಳಲ್ಲಿ ತಿದ್ದಿಕೊಳ್ಳಬಹುದು. ಕುಡಿತದ ವಿಷಯದಲ್ಲಿ ಹಾಗಲ್ಲವೆಂದು ವೈದ್ಯರು ಹೇಳುವರು. ಮನುಷ್ಯನ ಮಿದುಳಿನಲ್ಲಿ ಆಲೋಚಿಸಿ ತಡೆಯುವ ಭಾಗವು ಇಪ್ಪತ್ತರಾಚೆಯವರೆಗೂ ಬೆಳೆಯುತ್ತಲೇ ಇರುವುದು. ಆಸೆಯ ಭಾಗವು ಅದಕ್ಕಿಂತ ಮೊದಲೇ ಬಲಿಯುವುದು. ಹದಿನೈದು ವರ್ಷಕ್ಕಿಂತ ಮೊದಲು ಕುಡಿಯಲು ತೊಡಗಿದವರು, ಇಪ್ಪತ್ತೊಂದರ ತರುವಾಯ ತೊಡಗಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ದಾಸರಾದರೆಂದು ಅಮೆರಿಕಾದಲ್ಲಿ 1990ರ ದಶಕದಲ್ಲಿ ನಡೆದ ಪರಿಶೋಧನೆಯಿಂದ ತಿಳಿದುಬಂದಿತು. ಆ ದೇಶದವರು 1970ರ ಸುಮಾರಿಗೆ ಹಲವು ಸಂಸ್ಥಾನಗಳಲ್ಲಿ ವಯಸ್ಸನ್ನು ಇಳಿಸಿ, ರಸ್ತೆಗಳಲ್ಲಿ ತರುಣರ ಹೆಣಗಳನ್ನು ಎಣಿಸಿ ಬೆದರಿ, 1984ರ ಕಾನೂನಿನಿಂದ ದೇಶದಲ್ಲೆಲ್ಲ 21ನ್ನೇ ನಿಲ್ಲಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಕರ್ನಾಟಕದ ವಿಷಯವಾಗಿ ಹೇಳಿರುವುದು ಇನ್ನೂ ಹತ್ತಿರದ ಸಂಗತಿ: 1920–30ರಲ್ಲಿ ಹುಟ್ಟಿದ ತಲೆಮಾರಿನವರು ಸರಾಸರಿಯಲ್ಲಿ 28ನೆಯ ವಯಸ್ಸಿನಲ್ಲಿ ಕುಡಿಯತೊಡಗಿದ್ದರೆ, 1980–90ರಲ್ಲಿ ಹುಟ್ಟಿದವರು 20ಕ್ಕೇ ತೊಡಗಿದರು. ಅಜ್ಜನು ಎರಡು ಮಕ್ಕಳ ತಂದೆಯಾದ ಮೇಲೆ ಮುಟ್ಟಿದ ಲೋಟವನ್ನು ಮೊಮ್ಮಗನು ಕಾಲೇಜಿನ ಪರೀಕ್ಷೆಗೆ ಕೂರುವ ಮೊದಲೇ ಮುಟ್ಟುತ್ತಿರುವನು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ವೈದ್ಯವಿಜ್ಞಾನ ಸಂಸ್ಥೆಯವರು 2019ರಲ್ಲಿ ಒಪ್ಪಿಸಿದ ವರದಿಯಂತೆ, ದೇಶದಲ್ಲಿ 10ರಿಂದ 17 ವರ್ಷದ ಮಕ್ಕಳಲ್ಲಿ ಸುಮಾರು 30 ಲಕ್ಷ ಮಂದಿ ಮದ್ಯ ಸೇವಿಸುವವರು.

ಅಂಗಡಿಕಾರನಿಗೆ ನಾವು ಕೊಡಬಹುದಾದ ಉತ್ತರವು ಇಲ್ಲಿಯೇ ಇದೆ. ದುಡಿಯಲು ವಯಸ್ಸಾದವನಿಗೆ ಕುಡಿಯಲು ವಯಸ್ಸಾಗಲಿಲ್ಲವೇ ಎಂದು ಅವನು ಕೇಳಿದನು. ಹದಿನಾರರ ಹುಡುಗನು ಹಣ್ಣು ಕೊಯ್ಯುವುದು ಅವನ ಮನೆಯ ಬಡತನದಿಂದ. ಅವನ ಮೈಯಾಗಲಿ ಮನಸ್ಸಾಗಲಿ ಬಲಿತಿರುವುದರಿಂದ ಅಲ್ಲ. ಒಂದು ಅನ್ಯಾಯಕ್ಕೆ ಸಿಕ್ಕಿರುವವನೆಂಬ ಕಾರಣದಿಂದಲೇ ಎರಡನೆಯದಕ್ಕೂ ಅವನು ಅರ್ಹನೆಂಬುದು ಯಾವ ತರ್ಕ? ಕೂಲಿಯ ಹಣವು ಸಂತೆಯಿಂದ ಮನೆಗೆ ಮುಟ್ಟಲೆಂದು ಕಾಯುವ ತಾಯಿಯೊಬ್ಬಳು ಲೈನಿನಲ್ಲಿರುವಳು. ಅವಳ ಕಡೆಯ ಲೆಕ್ಕವನ್ನು ನಮ್ಮ ಮಿತ್ರನ ಗಲ್ಲಾಪೆಟ್ಟಿಗೆಯು ಬರೆಯುವುದಿಲ್ಲ.

ಹೆಂಗಸರ ಮಾತು ಬಂದುದರಿಂದ ಇದನ್ನೂ ಹೇಳುವೆವು. ಹುಡುಗನು ಕುಡಿದು ಬಂದರೆ ‘ಪ್ರಾಯ, ಮದುವೆಯಾದರೆ ಸರಿಹೋಗುವನು’ ಎನ್ನುವ ಹಿರಿಯರೇ, ಯಾವುದೋ ರೆಸಾರ್ಟಿನಲ್ಲಿ ಹುಡುಗಿಯರು ಲೋಟ ಹಿಡಿದ ಚಿತ್ರವನ್ನು ಕಂಡರೆ ದೇಶವೇ ಮುಳುಗಿತೆಂದು ನಮಗೆ ಕಾಗದ ಬರೆಯುವರು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ಹದಿನೈದು ವರ್ಷ ಮೀರಿದ ಗಂಡಸರಲ್ಲಿ ನೂರಕ್ಕೆ 18.8, ಹೆಂಗಸರಲ್ಲಿ ನೂರಕ್ಕೆ 1.3 ಮಂದಿ ಕುಡಿಯುವವರು. ಮುಳುಗಿಸತಕ್ಕವರು ಯಾರೆಂಬುದನ್ನು ಅಂಕಿಗಳೇ ಹೇಳುತ್ತವೆ. ‘ಮದುವೆಯಾದರೆ ಸರಿಹೋಗುವನು’ ಎಂಬ ವಾಕ್ಯದಲ್ಲಿ ಸರಿಪಡಿಸುವ ಕೆಲಸಕ್ಕೆ ಗೊತ್ತುಮಾಡಿದವಳು ಬೇರೊಬ್ಬರ ಮನೆಯ ಮಗಳು. ಆ ಕೆಲಸಕ್ಕೆ ಅವಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಇಂಥವರೇ ಸಾವಿರಾರು ಮಂದಿ, 2019ರ ಜನವರಿಯಲ್ಲಿ, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ಕಾಲ್ನಡೆಯಿಂದ ಹೋಗಿ ಮದ್ಯನಿಷೇಧವನ್ನು ಬೇಡಿದರು. ತುರುವನೂರಿನ ಈಚಲು ಮರಗಳು ಉರುಳಿ ಆಗ ಎಂಬತ್ತು ವರ್ಷಗಳಾಗಿದ್ದುವು. ಹೊರಟ ಸ್ಥಳವೂ ಅದೇ ಚಿತ್ರದುರ್ಗ. ಭರವಸೆಗಳೊಂದಿಗೆ ಅವರನ್ನು ಹಿಂದಕ್ಕೆ ಕಳುಹಿಸಿದರು.

ಸಂಪೂರ್ಣ ನಿಷೇಧವನ್ನು ನಾವು ಇಲ್ಲಿ ಕೇಳುತ್ತಿಲ್ಲ. ಕೇಳತಕ್ಕ ಸಣ್ಣ ಸಂಗತಿಗಳು ಬೇರೆ ಇವೆ. ಮೊದಲನೆಯದಾಗಿ, ಅಧಿನಿಯಮದಲ್ಲಿರುವ 18ನ್ನು ತೆಗೆದು 21 ಎಂದು ಬರೆಯಲಿ. ಇದು ವಿಧಾನಸಭೆಯ ಅರ್ಧ ದಿವಸದ ಕೆಲಸ. ತಂಬಾಕಿನ ವಿಷಯದಲ್ಲಿ ಇದೇ ಕರ್ನಾಟಕವು ತಿದ್ದುಪಡಿ ಮಾಡಿ 2025ರಲ್ಲಿ 18ನ್ನು 21ಕ್ಕೆ ಏರಿಸಿತು. ಬೀಡಿಗೆ ಇಪ್ಪತ್ತೊಂದಾಗಬೇಕು, ಬ್ರಾಂದಿಗೆ ಅಧಿನಿಯಮದಲ್ಲಿ ಹದಿನೆಂಟು ಸಾಕೆಂದರೆ ಓದಿದವರು ನಗುವರು. ಸನ್ನದುದಾರನು ವಯಸ್ಸಿನ ಗುರುತುಚೀಟಿಯನ್ನು ಕೇಳಬೇಕೆಂಬುದು ಬೆಂಗಳೂರಿನ ಕೆಲವು ಬೀದಿಗಳಲ್ಲಿ ನಡೆಯುವುದಾದರೆ ಮೂಡಿಗೆರೆಯ ಬಸ್ಸು ನಿಲ್ದಾಣದ ಮುಂದೆ ಏಕೆ ನಡೆಯಬಾರದು? ಹುಡುಗರನ್ನು ಕಳುಹಿಸಿ ಸೀಸೆ ತರಿಸುವ ದೊಡ್ಡ ಮನುಷ್ಯರು ಬಾಲನ್ಯಾಯ ಅಧಿನಿಯಮದ 78ನೆಯ ಪ್ರಕರಣವನ್ನು ಒಮ್ಮೆ ಓದಬೇಕು. ಮಕ್ಕಳಿಂದ ಮದ್ಯವನ್ನು ಹೊರಿಸುವುದಕ್ಕೂ ಅಲ್ಲಿ ಅದೇ 7 ವರ್ಷ, ಅದೇ 1 ಲಕ್ಷ. ನಮ್ಮ ಊರಿನ ಠಾಣೆಗಳಲ್ಲಿ ಈ ಪ್ರಕರಣದ ಮೇಲೆ ದಾಖಲಾದ ಮೊಕದ್ದಮೆಯನ್ನು ನಾವು ಇದುವರೆಗೆ ಅಚ್ಚುಹಾಕಿದ ನೆನಪಿಲ್ಲ.

ತೋಟದ ಮಾಲೀಕರಲ್ಲಿಯೂ ಒಂದು ಅರಿಕೆ. ಬಟವಾಡೆಯನ್ನು ಸಂತೆಯ ಹಿಂದಿನ ಸಂಜೆಗೆ ಇಡದೆ ವಾರದ ನಡುವೆ ಇಟ್ಟು, ಅಪ್ರಾಪ್ತ ಹುಡುಗನ ಕೂಲಿಯನ್ನು ಅವನ ತಾಯಿಯ ಕೈಗೆ ಕೊಡುವ ಪದ್ಧತಿಯನ್ನು ಕಳಸದ ಕಡೆಯ ಒಬ್ಬ ಬೆಳೆಗಾರರು ಅನೇಕ ವರ್ಷಗಳಿಂದ ನಡಸಿಕೊಂಡು ಬಂದಿರುವರು. ತಮ್ಮ ಹೆಸರನ್ನು ಬರೆಯಬಾರದೆಂದು ಅವರು ಹೇಳಿರುವರು. ‘ಹೆಸರು ಬಂದರೆ ಅಕ್ಕಪಕ್ಕದವರು ನನ್ನನ್ನು ಸಂನ್ಯಾಸಿ ಮಾಡಿಬಿಡುವರು’ ಎಂದು ನಕ್ಕರು. ಅವರು ಸಂನ್ಯಾಸಿಗಳಲ್ಲ, ಸಂಜೆಗೆ ತಾವೂ ಒಂದು ಲೋಟ ತೆಗೆದುಕೊಳ್ಳತಕ್ಕವರೇ. ಮಗನ ಎದುರಿಗೆ ಮಾತ್ರ ತೆಗೆದುಕೊಂಡವರಲ್ಲ.

ಚಾರ್ಮಾಡಿಯ ಘಟ್ಟದ ಕೆಳಗೆ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡಸುತ್ತ ಬಂದಿರುವರು. ಆ ಕಾರ್ಯವು ಸ್ತುತ್ಯವಾದದ್ದು. ಬಿಟ್ಟವರಲ್ಲಿ ಕೆಲವರು ಮರಳಿ ಹಿಡಿಯುವುದು ಎಲ್ಲ ಕಡೆಯೂ ಇದ್ದದ್ದೇ. ಅದಕ್ಕಾಗಿ ಶಿಬಿರವನ್ನು ಹಾಸ್ಯ ಮಾಡುವವರನ್ನು ಕಂಡರೆ ನಮಗೆ ಆಗದು. ಆದರೆ ಶಿಬಿರದ ಚಾಪೆಯ ಮೇಲೆ ಕುಳಿತಿರುವವರು ಬಹುಮಟ್ಟಿಗೆ ನಡುವಯಸ್ಸಿನವರು, ಹೆಂಡತಿಯರು ಕೈಹಿಡಿದು ತಂದು ಕೂರಿಸಿದವರು. ಹದಿನೇಳರವನನ್ನು ಅಲ್ಲಿಗೆ ಯಾರೂ ಕರೆತರುವುದಿಲ್ಲ, ಅವನು ಇನ್ನೂ ‘ಕುಡುಕ’ನಾಗಿಲ್ಲವಷ್ಟೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಪರರನ್ನು ತಿದ್ದಲು ಹೊರಟ ಪತ್ರಿಕೆಯು ತನ್ನ ಪುಟಗಳನ್ನೂ ತಿರುವಿ ನೋಡಬೇಕು. ಮುಳ್ಳಯ್ಯನಗಿರಿಯ ಹಾದಿಯಲ್ಲಿಯೂ ಮೂಡಿಗೆರೆಯ ಸುತ್ತಮುತ್ತಲೂ ರೆಸಾರ್ಟುಗಳೂ ಹೋಂಸ್ಟೇಗಳೂ ಎದ್ದಿರುವುವು. ಡಿಸೆಂಬರ್ 31ರ ರಾತ್ರಿಗಾಗಿ ಅವರು ‘ಸಂಗೀತ, ನೃತ್ಯ, ಅಪರಿಮಿತ ಪಾನೀಯ’ ಎಂದು ಜಾಹೀರಾತು ಕೊಡುವರು. ಪಾನೀಯವೆಂದರೆ ನಿಂಬೆಯ ಪಾನಕವಲ್ಲವೆಂಬುದು ಕೊಡುವವರಿಗೂ ಗೊತ್ತು, ಅಚ್ಚುಹಾಕುವವರಿಗೂ ಗೊತ್ತು. ‘ಕಾಲೇಜು ವಿದ್ಯಾರ್ಥಿಗಳಿಗೆ ರಿಯಾಯಿತಿ’ ಎಂಬ ಸಾಲು ಅಂಥ ಒಂದು ಜಾಹೀರಾತಿನ ಕೆಳಗೆ ಇದ್ದಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಇಪ್ಪತ್ತೊಂದು ತುಂಬಿದವರೆಷ್ಟು ಮಂದಿ? ಆ ಜಾಹೀರಾತು ಎರಡು ವರ್ಷ ನಮ್ಮ ಪತ್ರಿಕೆಯ ಮೂರನೆಯ ಪುಟದಲ್ಲಿ ಬಂದಿತು. ಅದರ ಹಣದಿಂದ ನಾವು ಕಾಗದದ ಬಾಕಿಯನ್ನು ತೀರಿಸಿದೆವು. ಅದೇ ಪುಟದ ಹಿಂಬದಿಯಲ್ಲಿ ತರುಣರ ಶೀಲವನ್ನು ಕುರಿತು ನಾವೇ ಬರೆದ ಅಗ್ರಲೇಖನವಿದ್ದಿತೆಂದು ಕೊಪ್ಪದ ಓದುಗರೊಬ್ಬರು, ಶಾಲೆಯ ನಿವೃತ್ತ ಉಪಾಧ್ಯಾಯರು, ಆ ಹಾಳೆಯನ್ನೇ ಕತ್ತರಿಸಿ, ಎರಡು ಮುಖಗಳಿಗೂ ಕೆಂಪು ಮಸಿಯ ಗುರುತು ಹಾಕಿ, ಒಂದು ಅಕ್ಷರವನ್ನೂ ಬರೆಯದೆ ಲಕೋಟೆಯಲ್ಲಿಟ್ಟು ನಮಗೆ ಕಳುಹಿಸಿದರು.

ಈ ಸಾಲಿನ ಜಾಹೀರಾತಿನ ಕರಡು, ಮುಂಗಡದ ಹಣದೊಂದಿಗೆ, ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ತಲಪಿತು. ‘ಅಪರಿಮಿತ ಪಾನೀಯ’ವನ್ನೂ ವಿದ್ಯಾರ್ಥಿಗಳ ರಿಯಾಯಿತಿಯನ್ನೂ ತೆಗೆದರೆ ಅಚ್ಚುಹಾಕುವೆವೆಂದು ಬರೆದೆವು. ಅವು ಎರಡನ್ನು ತೆಗೆದರೆ ಜಾಹೀರಾತಿನಲ್ಲಿ ಉಳಿಯುವುದೇನೆಂದು ವ್ಯವಸ್ಥಾಪಕರು ದೂರವಾಣಿಯಲ್ಲಿ ಕೇಳಿದರು. ಮುಂಗಡವನ್ನು ಬುಧವಾರದ ದಿವಸ ಹಿಂದಕ್ಕೆ ಕಳುಹಿಸಿದ್ದೇವೆ.